ಯಾವ ಮರ ಎಂದು ಕೇಳುವ ಮೊದಲು

ಮನೆಗೆ ಮರದ ನೆಲ ಹಾಕಿಸಬೇಕು ಎಂದುಕೊಂಡವರು ನನಗೆ ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಮಾತು: ‘ಯಾವ ಮರ ಹಾಕಿಸೋಣ?’ ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯಲ್ಲಿ, ಹಲಗೆ ಹಾಸಿದ ಉಪ್ಪರಿಗೆಯ ಮೇಲೆ. ಆಮೇಲೆ ಬೆಂಗಳೂರಿನಲ್ಲಿ ಅಕ್ಕನ ಮನೆಯ ಮರದ ನೆಲದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದೆ. ಅದಾಗಿ ಎರಡು ವರ್ಷಕ್ಕೆ ನನ್ನ ಮನೆಗೂ ಹಾಕಿಸಿದೆ. ಅಷ್ಟಕ್ಕೇ ನೆಂಟರಿಷ್ಟರು ನನ್ನನ್ನು ಕೇಳುತ್ತಾರೆ. ನಾನು ಹೇಳುವುದೂ ಒಂದೇ ಮಾತು. ಮರದ ಹೆಸರು ಮೂರನೆಯ ಪ್ರಶ್ನೆ. ಹಲಗೆಯೊಳಗೆ ನೀರು ಎಷ್ಟಿದೆ ಎನ್ನುವುದು ಮೊದಲನೆಯದು, ಹಲಗೆಯ ಕೆಳಗಿನ ಕಾಂಕ್ರೀಟಿನಲ್ಲಿ ಎಷ್ಟಿದೆ ಎನ್ನುವುದು ಎರಡನೆಯದು. ಇವೆರಡಕ್ಕೆ ಉತ್ತರ ಸಿಗದೆ ಬರ್ಮಾದಿಂದ ತಂದ ಮರ ಹಾಕಿದರೂ ನೆಲ ನಿಲ್ಲುವುದಿಲ್ಲ.

ಮರದ ನೆಲದ ಬಗ್ಗೆ ನಮ್ಮಲ್ಲಿ ಓಡಾಡುವ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಈ ನೀರಿನ ಲೆಕ್ಕ ಮರೆತದ್ದರಿಂದ ಹುಟ್ಟಿದವು. ನಾನು ಮತ್ತೆ ಮತ್ತೆ ಕೇಳಿದವನ್ನು ಇಲ್ಲಿ ಒಂದೊಂದಾಗಿ ತೆಗೆದುಕೊಂಡಿದ್ದೇನೆ.

ತಪ್ಪು ಕಲ್ಪನೆ: ತೇಗದಷ್ಟು ಗಟ್ಟಿ ಮರ ಇನ್ನೊಂದಿಲ್ಲ, ಅದಕ್ಕೇ ನೆಲಕ್ಕೆ ಅದೇ ಆಗಬೇಕು

ತೇಗ, ಅಂದರೆ ನಮ್ಮ ಸಾಗುವಾನಿ, ಒಳ್ಳೆಯ ಮರ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹೆಚ್ಚುಗಾರಿಕೆ ಗಟ್ಟಿತನದಲ್ಲಿಲ್ಲ. ಮರದ ಗಟ್ಟಿತನ ಅಳೆಯಲು ಜಾಂಕಾ ಎಂಬ ಪರೀಕ್ಷೆ ಇದೆ. 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಅರ್ಧದವರೆಗೆ ಮರದೊಳಗೆ ಇಳಿಯಲು ಎಷ್ಟು ಬಲ ಬೇಕೆಂದು ಅದರಲ್ಲಿ ನೋಡುತ್ತಾರೆ. ತೇಗಕ್ಕೆ ಸುಮಾರು 1,000ದಿಂದ 1,100 ಪೌಂಡ್ ಬಲ ಸಾಕು. ಅಮೆರಿಕದ ಕೆಂಪು ಓಕ್‌ಗೆ 1,290 ಬೇಕು. ನಮ್ಮ ಬೀಟೆಗೆ 2,400ರ ಆಸುಪಾಸು. ಕಬ್ಬಿಣದ ಮಂಚ ಎಳೆದರೆ, ಗ್ರೈಂಡರ್ ಜಾರಿಸಿದರೆ ತೇಗದ ನೆಲದ ಮೇಲೆ ಗೀರು ಬಿದ್ದೇ ಬೀಳುತ್ತದೆ.

ಹಾಗಾದರೆ ಹಿರಿಯರು ತೇಗವನ್ನು ಅಷ್ಟು ನೆಚ್ಚಿಕೊಂಡದ್ದು ಏಕೆ? ಅದು ಅಲ್ಲಾಡದ ಮರ. ಎಲ್ಲ ಮರವೂ ಗಾಳಿಯ ತೇವ ಹೀರಿಕೊಂಡು ಹಿಗ್ಗುತ್ತದೆ, ತೇವ ಬಿಟ್ಟುಕೊಟ್ಟು ಕುಗ್ಗುತ್ತದೆ. ಮರದೊಳಗಿನ ತೇವ ಶೇ 10ರಿಂದ 14ಕ್ಕೆ ಏರಿತು ಎಂದಿಟ್ಟುಕೊಳ್ಳಿ. ಆರು ಅಂಗುಲ ಅಗಲದ ತೇಗದ ಹಲಗೆ ಸುಮಾರು ಒಂದು ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಅಗಲದ ಕೆಂಪು ಓಕ್ ಎರಡು ಮಿ.ಮೀ.ಗಿಂತಲೂ ಹೆಚ್ಚು ಹಿಗ್ಗುತ್ತದೆ. ನಮ್ಮ ಕಾಡಿನ ಮತ್ತಿ ಮರ ತೇಗಕ್ಕಿಂತ ಗಟ್ಟಿ, ಆದರೆ ಒಣಗಿಸುವಾಗಲೇ ಸೀಳುವ, ಸೊಟ್ಟಗಾಗುವ ಸ್ವಭಾವ ಅದರದು. ತೊಲೆಗೆ ಒಗ್ಗುವ ಮರವೆಲ್ಲ ನೆಲಕ್ಕೆ ಒಗ್ಗುವುದಿಲ್ಲ. ಮಳೆಗಾಲ ಬಂದರೂ ಹೋದರೂ ತನ್ನ ಅಳತೆಯಲ್ಲೇ ನಿಲ್ಲುವ ಗುಣ ನೆಲದ ಹಲಗೆಗೆ ಗಟ್ಟಿತನಕ್ಕಿಂತ ಮುಖ್ಯ. ಗೀರನ್ನು ಉಜ್ಜಿ ತೆಗೆಯಬಹುದು. ಸೊಟ್ಟಗಾದ ಹಲಗೆಯನ್ನು ಏನೂ ಮಾಡಲಾಗದು.

ತಪ್ಪು ಕಲ್ಪನೆ: ಅಂಗಡಿಯವರು ‘ಸೀಸನ್ ಆಗಿದೆ’ ಎಂದರೆ ಒಣಗಿದೆ ಎಂದೇ ಅರ್ಥ

ಊರಿನಲ್ಲಿ ಮರ ಕಡಿದ ಮೇಲೆ ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯಲ್ಲೋ ಹೊಂಡದಲ್ಲೋ ಮುಳುಗಿಸಿಡುತ್ತಿದ್ದರು. ಒಳಗಿನ ರಸ ನೀರಿಗೆ ಬಿಟ್ಟುಹೋಗಲಿ ಎಂದು. ಆಮೇಲೆ ಹಲಗೆ ಸೀಳಿ, ನಡುವೆ ರೀಪು ಇಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸುತ್ತಿದ್ದರು. ಒಂದು ಅಂಗುಲ ದಪ್ಪದ ಹಲಗೆಗೆ ಒಂದು ವರ್ಷ ಎಂಬುದು ಲೆಕ್ಕ. ಅಜ್ಜನ ಮನೆಯ ಕೊಟ್ಟಿಗೆಯ ಮಾಡಿನ ಕೆಳಗೆ ಹೀಗೆ ಪೇರಿಸಿದ ಹೆಬ್ಬಲಸಿನ ಹಲಗೆಗಳು ನಾನು ಮೂರನೇ ಕ್ಲಾಸಿಗೆ ಹೋಗುವಾಗಲೂ ಇದ್ದವು, ಐದನೇ ಕ್ಲಾಸಿಗೆ ಹೋಗುವಾಗಲೂ ಇದ್ದವು. ಈಗ ಅಷ್ಟು ಕಾಯುವ ಪುರುಸೊತ್ತು ಯಾರಿಗೂ ಇಲ್ಲ. ಕಿಲ್ನ್‌ನಲ್ಲಿ ಬಿಸಿಗಾಳಿ ಹಾಯಿಸಿ ಕೆಲವು ದಿನ ಅಥವಾ ವಾರಗಳಲ್ಲಿ ಒಣಗಿಸುತ್ತಾರೆ. ಅದು ತಪ್ಪಲ್ಲ, ಸರಿಯಾಗಿ ಮಾಡಿದರೆ ನೆರಳಿನಲ್ಲಿ ಒಣಗಿಸಿದ್ದಕ್ಕಿಂತ ಚೆನ್ನಾಗಿಯೇ ಒಣಗುತ್ತದೆ. ಆದರೆ ಒಣಗಿದ ಹಲಗೆಯನ್ನು ತಂದು ಮಳೆಗಾಲದಲ್ಲಿ ತೆರೆದ ಶೆಡ್ಡಿನಲ್ಲಿ ಎರಡು ತಿಂಗಳು ಇಟ್ಟರೆ ಅದು ಮತ್ತೆ ತೇವ ಕುಡಿಯುತ್ತದೆ. ‘ಸೀಸನ್ ಆಗಿದೆ’ ಎಂಬ ಮಾತು ಹಲಗೆಯ ಹಿಂದಿನ ಕತೆ ಅಷ್ಟೆ. ಇವತ್ತು ಅದರೊಳಗೆ ಎಷ್ಟು ನೀರಿದೆ ಎಂದು ಅದು ಹೇಳುವುದಿಲ್ಲ.

ಇನ್ನೊಂದು ವಿಷಯ. ಒಣಗಿದ ಮರ ಎಂದರೆ ನೀರೇ ಇಲ್ಲದ ಮರವಲ್ಲ. ಸುತ್ತಲಿನ ಗಾಳಿಯಲ್ಲಿ ಎಷ್ಟು ತೇವ ಇದೆಯೋ ಅದಕ್ಕೆ ಹೊಂದಿಕೊಂಡು ಮರ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಗಾಳಿಯ ಆರ್ದ್ರತೆ ಶೇ 40 ಇದ್ದರೆ ಮರದ ತೇವ ಶೇ 7–8ಕ್ಕೆ ನಿಲ್ಲುತ್ತದೆ. ಶೇ 65 ಇದ್ದರೆ ಶೇ 12ರ ಹತ್ತಿರ, ಶೇ 80 ಇದ್ದರೆ ಶೇ 16ರ ಹತ್ತಿರ. ಕಲಬುರಗಿಯ ಏಪ್ರಿಲ್‌ಗೂ ಮಂಗಳೂರಿನ ಜುಲೈಗೂ ಇರುವ ಅಂತರ ಯೋಚಿಸಿ ನೋಡಿ. ಭಾರತೀಯ ಮಾನಕ ಬ್ಯೂರೋದ ಐಎಸ್ 287 ಎಂಬ ಮಾನಕ ಇಡೀ ದೇಶವನ್ನು ಆರ್ದ್ರತೆಯ ಮೇಲೆ ನಾಲ್ಕು ವಲಯ ಮಾಡಿ, ಯಾವ ವಲಯದಲ್ಲಿ ಯಾವ ಕೆಲಸದ ಮರ ಎಷ್ಟು ಒಣಗಿರಬೇಕು ಎಂದು ಹೇಳಿರುವುದು ಇದಕ್ಕಾಗಿಯೇ. ಒಂದೂರಿಗೆ ಸರಿಯಾಗಿ ಒಣಗಿದ ಹಲಗೆ ಇನ್ನೊಂದೂರಿಗೆ ಹಸಿ, ಮತ್ತೊಂದೂರಿಗೆ ಅತಿಯಾಗಿ ಒಣಗಿದ್ದು.

ಎರಡು ಮುಳ್ಳು ಚುಚ್ಚಿ ತೇವ ನೋಡುವ ಮೀಟರ್ ಕೆಲವು ದೊಡ್ಡ ಅಂಗಡಿಗಳಲ್ಲಿ ಇರುತ್ತದೆ, ಕೇಳಿ ನೋಡಿ. ಹಲಗೆಯ ತುದಿಗೆ ಚುಚ್ಚಿಸಬೇಡಿ. ತುದಿ ಬೇಗ ಒಣಗುತ್ತದೆ, ನಡುಭಾಗ ಆಮೇಲೆ. ನಂಬಿಕೆ ಸಾಲದಿದ್ದರೆ ನಾನು ಮಾಡಿದಂತೆ ಮನೆಯಲ್ಲೇ ಮಾಡಿ. ನಮೂನೆಯ ಹಲಗೆಯೊಂದನ್ನು ತರಿಸಿ, ತುದಿಯಿಂದ ಒಂದಡಿ ಒಳಗೆ ಗರಗಸ ಹಾಕಿ ಬೆರಳಗಲದ ಒಂದು ಬಿಲ್ಲೆ ಕತ್ತರಿಸಿಕೊಂಡೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದಾಗ 58 ಗ್ರಾಂ ಬಂತು. ಓಟಿಜಿಯನ್ನು 100 ಡಿಗ್ರಿಯಿಂದ ಸ್ವಲ್ಪ ಮೇಲಕ್ಕೆ ಇಟ್ಟು ಆ ಬಿಲ್ಲೆಯನ್ನು ಒಳಗಿಟ್ಟು, ಗಂಟೆಗೊಮ್ಮೆ ತೆಗೆದು ತೂಗುತ್ತಾ ಹೋದೆ. 54, 52, 51, ಕೊನೆಗೆ 50ಕ್ಕೆ ಬಂದು ನಿಂತಿತು, ಮತ್ತೆ ಇಳಿಯಲಿಲ್ಲ. ಹೋದ ನೀರು 8 ಗ್ರಾಂ, ಉಳಿದ ಮರ 50 ಗ್ರಾಂ. ಎಂಟನ್ನು ಐವತ್ತರಿಂದ ಭಾಗಿಸಿದರೆ ಶೇ 16. ಬೆಂಗಳೂರಿನ ಮನೆಯೊಳಗೆ ಹಾಕಲು ಅದು ಹಸಿ ಮರ. ಆ ಲೋಡನ್ನು ನಾನು ಇಳಿಸಿಕೊಳ್ಳಲಿಲ್ಲ. ಕೊನೆಗೆ ತಂದ ಹಲಗೆಗಳು ಶೇ 11ರ ಹತ್ತಿರ ಇದ್ದವು. ಅವನ್ನೂ ಹಾಕುವ ಕೋಣೆಯಲ್ಲೇ, ನಡುವೆ ರೀಪು ಇಟ್ಟು, ಹದಿನೈದು ದಿನ ಪೇರಿಸಿಟ್ಟೆವು.

ತಪ್ಪು ಕಲ್ಪನೆ: ಗೋಡೆಯ ಪಕ್ಕ ಸಂದು ಬಿಟ್ಟರೆ ಅದು ಬಡಗಿಯ ಕೆಟ್ಟ ಕೆಲಸ

ಅಕ್ಕನ ಮನೆಯಲ್ಲಿ ಆದದ್ದು ಇದೇ. ಮಾರ್ಚ್ ತಿಂಗಳಲ್ಲಿ ಕೆಲಸ ನಡೆಯಿತು. ಮಲಗುವ ಕೋಣೆಗೆ ಆರಂಗುಲದ ತೇಗದ ಹಲಗೆ. ಆಚಾರ್ರು ನಮ್ಮ ಕಡೆಯವರೇ, ಗೋಡೆಗೂ ಹಲಗೆಗೂ ನಡುವೆ ಅರ್ಧ ಅಂಗುಲ ಜಾಗ ಬಿಟ್ಟು ಹಾಸಲು ಶುರುಮಾಡಿದ್ದರು. ಅಕ್ಕನಿಗೆ ಅದು ಹಿಡಿಸಲಿಲ್ಲ. ‘ಇಷ್ಟು ದುಡ್ಡು ಕೊಟ್ಟು ಮೂಲೆಯಲ್ಲಿ ಸಂದಾ? ಜಿರಲೆ ಸೇರ್ಕೊಳುತ್ತೆ’ ಎಂದಳು. ‘ಅಮ್ಮಾ, ಗೋಡೆಗೆ ಒತ್ತಿ ಕೂರಿಸಿದ್ರೆ ಮಳೆಗಾಲಕ್ಕೆ ಎದ್ದೇಳ್ತದೆ. ಸಂದು ಸ್ಕರ್ಟಿಂಗ್ ಕೆಳಗೆ ಮುಚ್ಚಿಹೋಗ್ತದೆ, ಕಾಣೂದಿಲ್ಲ’ ಎಂದು ಅವರು ಎರಡು ಸಲ ಹೇಳಿದರು. ನಾವು ಕೇಳಲಿಲ್ಲ. ನಾನೂ ಅಕ್ಕನ ಪರವೇ ಮಾತಾಡಿದ್ದೆ.

ಜುಲೈ ಎರಡನೆಯ ವಾರದಲ್ಲಿ ಅಕ್ಕನ ಫೋನ್ ಬಂತು. ಹೋಗಿ ನೋಡಿದರೆ ಕೋಣೆಯ ನಡುವೆ ನೆಲ ಗುಡಾರದಂತೆ ಎದ್ದು ನಿಂತಿತ್ತು. ಸ್ಕೇಲ್ ಹಿಡಿದೆ, ಎರಡಂಗುಲ. ಕಾಲಿಟ್ಟರೆ ಕೆಳಗೆ ಟೊಳ್ಳು ಸದ್ದು. ಹನ್ನೆರಡು ಅಡಿ ಅಗಲದ ಕೋಣೆಯಲ್ಲಿ ಆರಂಗುಲದ ಹಲಗೆ ಇಪ್ಪತ್ತನಾಲ್ಕು. ಒಂದೊಂದು ಬರೀ ಒಂದು ಮಿ.ಮೀ. ಹಿಗ್ಗಿದರೂ ಒಟ್ಟು 24 ಮಿ.ಮೀ., ಹೆಚ್ಚುಕಡಿಮೆ ಒಂದಂಗುಲ. ಆ ಒಂದಂಗುಲಕ್ಕೆ ಹೋಗಲು ಎಡೆಯಿಲ್ಲದೆ ಹಲಗೆಗಳು ಮೇಲಕ್ಕೆದ್ದಿದ್ದವು. ಆಚಾರ್ರು ಎರಡು ಕಡೆ ಅರ್ಧರ್ಧ ಅಂಗುಲ ಬಿಡಲು ಹೊರಟದ್ದು ಸರಿಯಾಗಿ ಅದೇ ಒಂದಂಗುಲ ಎಂದು ನನಗೆ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು. ಅವರನ್ನೇ ಮತ್ತೆ ಕರೆಸಿದೆವು. ಒಂದು ಮಾತೂ ಆಡದೆ ಬಂದು, ಸ್ಕರ್ಟಿಂಗ್ ಬಿಚ್ಚಿ, ಎರಡೂ ಬದಿಯ ಹಲಗೆಯ ಅಂಚನ್ನು ಅರ್ಧಂಗುಲ ಕೊಯ್ದು ತೆಗೆದರು. ಹತ್ತು ದಿನದಲ್ಲಿ ನೆಲ ಹೆಚ್ಚಿನ ಮಟ್ಟಿಗೆ ಇಳಿದು ಕೂತಿತು. ಒಂದು ಹಲಗೆಯ ನಾಲಿಗೆ, ಅಂದರೆ ಪಕ್ಕದ ಹಲಗೆಯೊಳಗೆ ಕೂರುವ ಅಂಚು, ಮುರಿದಿತ್ತು, ಆ ಹಲಗೆಯನ್ನು ಬದಲಿಸಬೇಕಾಯಿತು.

ಮರ ಉದ್ದಕ್ಕೆ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಹಿಗ್ಗುತ್ತದೆ. ಹಿಗ್ಗುವುದೆಲ್ಲ ಅಗಲಕ್ಕೆ. ಹಾಗಾಗಿ ಹಲಗೆಯ ಉದ್ದಕ್ಕೆ ಸಮಾನಾಂತರವಾಗಿರುವ ಎರಡು ಗೋಡೆಗಳ ಬಳಿ ಜಾಗ ಹೆಚ್ಚು ಬೇಕು. ಅಗಲ ಹಲಗೆ ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ಎರಡು ಹಲಗೆಯ ನಡುವೆ ಕಾಣುವ ಬಿರುಕೂ ಅಷ್ಟೇ ಅಗಲವಾಗುತ್ತದೆ. ಮೂರು, ನಾಲ್ಕು ಅಂಗುಲದ ಹಲಗೆ ಹಾಕಿಸಿದರೆ ಅದೇ ಬಿರುಕು ಹತ್ತಾರು ಕಡೆ ಹಂಚಿಹೋಗಿ ಕಣ್ಣಿಗೆ ಬೀಳುವುದಿಲ್ಲ. ನನ್ನ ಮನೆಗೆ ನಾಲ್ಕಂಗುಲದ್ದೇ ಹಾಕಿಸಿದೆ.

ತಪ್ಪು ಕಲ್ಪನೆ: ಕಾಂಕ್ರೀಟ್ ಗಟ್ಟಿಯಾಗಿದೆ, ಅಂದಮೇಲೆ ಒಣಗಿದೆ

ಗಟ್ಟಿಯಾಗುವುದಕ್ಕೂ ಒಣಗುವುದಕ್ಕೂ ಸಂಬಂಧವೇ ಇಲ್ಲ. ಸಿಮೆಂಟ್ ಗಟ್ಟಿಯಾಗುವುದು ನೀರಿನ ಜೊತೆ ಸೇರಿ. ಅದಕ್ಕೇ ಕ್ಯೂರಿಂಗ್ ಎಂದು ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸುತ್ತೇವೆ. ಆ ನೀರಿನಲ್ಲಿ ಉಳಿದದ್ದು ಆವಿಯಾಗಿ ಹೊರಗೆ ಹೋಗಬೇಕು. ಒಂದು ಅಂಗುಲ ದಪ್ಪಕ್ಕೆ ಕಡೇಪಕ್ಷ ಒಂದು ತಿಂಗಳು ಎಂಬುದು ಕೆಲಸದವರ ಅಂದಾಜು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು ಎಂದು ಸಿಮೆಂಟ್ ಕೆಲಸ ಮುಗಿದ ಮೂರನೇ ವಾರಕ್ಕೆ ಹಲಗೆ ಹಾಸಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪರೀಕ್ಷೆಗೆ ಖರ್ಚೇ ಇಲ್ಲ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ ನೆಲದ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಅಗಲ ಟೇಪ್ ಅಂಟಿಸಿ. ಒಂದು ರಾತ್ರಿ, ಸಾಧ್ಯವಾದರೆ ಒಂದು ಪೂರ್ತಿ ದಿನ ಬಿಡಿ. ಎತ್ತಿ ನೋಡಿದಾಗ ಹಾಳೆಯ ಒಳಮೈ ಮಂಜು ಹಿಡಿದಿದ್ದರೆ, ಅಥವಾ ಕೆಳಗಿನ ಸಿಮೆಂಟ್ ಸುತ್ತಲಿನದ್ದಕ್ಕಿಂತ ಕಪ್ಪಾಗಿದ್ದರೆ, ಮರವನ್ನು ಇನ್ನೂ ಒಳಗೆ ತರಬೇಡಿ. ನೆಲಮಾಳಿಗೆಯಿಲ್ಲದ ಕೆಳಮನೆಯಾದರೆ ಪರೀಕ್ಷೆಯನ್ನು ಮಳೆಗಾಲದಲ್ಲೊಮ್ಮೆ ಮಾಡಿಯೇ ತೀರಬೇಕು. ಅಲ್ಲಿ ತೇವ ಸಿಮೆಂಟಿನದ್ದಲ್ಲ, ಭೂಮಿಯದ್ದು. ಅದು ಕಾದರೂ ಮುಗಿಯುವುದಿಲ್ಲ.

ತಪ್ಪು ಕಲ್ಪನೆ: ‘ವುಡನ್ ಫ್ಲೋರಿಂಗ್’ ಎಂದು ಮಾರುವುದೆಲ್ಲ ಮರ

ಬೆಂಗಳೂರಿನ ಅಂಗಡಿಗಳಲ್ಲಿ ಈ ಹೆಸರಿನ ಕೆಳಗೆ ನಾಲ್ಕು ಬೇರೆ ಬೇರೆ ವಸ್ತುಗಳು ಸಿಗುತ್ತವೆ. ಮೇಲ್ಮೈ ನೋಡಿ ಗುರುತಿಸಲು ಹೋಗಬೇಡಿ. ಹಲಗೆಯ ಕೊಯ್ದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ.

ಮೇಲಿಂದ ಕೆಳಗಿನವರೆಗೆ ಒಂದೇ ಎಳೆ ಹರಿದಿದ್ದರೆ ಅದು ಇಡೀ ಮರ. ಮೇಲೆ ಒಂದು ತೆಳು ಮರದ ಪದರ, ಕೆಳಗೆ ಅಡ್ಡಡ್ಡ ಜೋಡಿಸಿದ ಪ್ಲೈವುಡ್ ಪದರಗಳು ಕಂಡರೆ ಅದು ಎಂಜಿನಿಯರ್ಡ್ ವುಡ್. ಮರದ ಹಿಗ್ಗುವಿಕೆಯನ್ನು ಅಡ್ಡ ಪದರಗಳು ತಡೆದು ಹಿಡಿಯುವುದರಿಂದ ಇದು ಇಡೀ ಮರಕ್ಕಿಂತ ಕಡಿಮೆ ಅಲ್ಲಾಡುತ್ತದೆ. ಏಳನೆಯ ಮಹಡಿಯ ಫ್ಲ್ಯಾಟ್‌ಗೆ ಬಹಳ ಸಲ ಇದೇ ಹೆಚ್ಚು ಜಾಣ ಆಯ್ಕೆ. ಆದರೆ ಮೇಲಿನ ಪದರ ಎಷ್ಟು ದಪ್ಪ ಎಂದು ಕೇಳಲೇಬೇಕು. ಅರ್ಧ ಮಿ.ಮೀ.ಯೂ ಇರಬಹುದು, ನಾಲ್ಕು ಮಿ.ಮೀ.ಯೂ ಇರಬಹುದು. ಗೀರು ಬಿದ್ದ ನೆಲವನ್ನು ಒಮ್ಮೆ ಉಜ್ಜಿದರೆ ಅರ್ಧದಿಂದ ಒಂದು ಮಿ.ಮೀ. ಹೋಗುತ್ತದೆ. ಅರ್ಧ ಮಿ.ಮೀ. ಪದರವನ್ನು ಉಜ್ಜಿದರೆ ಪ್ಲೈವುಡ್ ಹಲ್ಲು ಕಿರಿಯುತ್ತದೆ.

ತುದಿ ಕಂದು ಬಣ್ಣದ ಒತ್ತಿದ ಪುಡಿಯಂತಿದ್ದರೆ ಅದು ಲ್ಯಾಮಿನೇಟ್. ಮರದ ನಾರಿನ ಪುಡಿಗೆ ಅಂಟು ಸೇರಿಸಿ ಒತ್ತಿದ ಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ, ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಸೇರಿದ ಪಾರದರ್ಶಕ ಪದರ. 1977ರಲ್ಲಿ ಸ್ವೀಡನ್ನಿನ ಪರ್ಸ್ಟಾರ್ಪ್ ಕಂಪನಿ ಇದನ್ನು ರೂಪಿಸಿತು. ಗೀರು ತಡೆಯುವುದರಲ್ಲಿ ಇದು ತೇಗಕ್ಕಿಂತ ಗಟ್ಟಿಗ. ಮಕ್ಕಳು ಸೈಕಲ್ ಓಡಿಸುವ ಮನೆಗೆ, ಬಾಡಿಗೆಗೆ ಕೊಡುವ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಸವೆತ ತಡೆಯುವ ಶಕ್ತಿಯನ್ನು ಎಸಿ ಅಂಕೆಯಿಂದ ಗುರುತಿಸುತ್ತಾರೆ, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. 8 ಮಿ.ಮೀ.ಯದ್ದಕ್ಕಿಂತ 12 ಮಿ.ಮೀ.ಯದ್ದು ಹೆಚ್ಚು ಬಾಳುತ್ತದೆ ಎಂಬ ಮಾತು ನಂಬಬೇಡಿ. ಸವೆಯುವುದು ಮೇಲಿನ ಪದರ, ಕೆಳಗಿನ ದಪ್ಪವಲ್ಲ. ಇದರ ಶತ್ರು ನೀರು. ಜೋಡಣೆಯ ಸಂದಿನಲ್ಲಿ ನೀರು ಇಳಿದು ಒಳಗಿನ ಹಲಗೆ ಉಬ್ಬಿದರೆ ಒಣಗಿದ ಮೇಲೂ ಹಾಗೇ ಉಬ್ಬಿಕೊಂಡಿರುತ್ತದೆ. ಇಡೀ ಮರ ಹಿಗ್ಗಿದರೆ ಮತ್ತೆ ಕುಗ್ಗುತ್ತದೆ, ಇದು ಕುಗ್ಗುವುದಿಲ್ಲ. ಅಂಗಡಿಯಲ್ಲಿ ಎರಡು ಪೆಟ್ಟಿಗೆ ಬಿಚ್ಚಿಸಿ ಹಲಗೆಗಳನ್ನು ಹರಡಿ ನೋಡಿ. ಒಂದೇ ಗಂಟು ಅದೇ ಜಾಗದಲ್ಲಿ ಎರಡು ಹಲಗೆಯಲ್ಲಿ ಕಂಡರೆ ಅದು ಅಚ್ಚಿನ ಚಿತ್ರ.

ಅಂಟಿನ ಬಗ್ಗೆಯೂ ಒಂದು ಮಾತು. ಒತ್ತಿದ ಹಲಗೆಗಳಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಇ1 ಅಥವಾ ಅದಕ್ಕಿಂತ ಕಡಿಮೆ ಹೊರಸೂಸುವ ಇ0 ಎಂದು ಗುರುತಿಲ್ಲದ್ದನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಮಗು ಮಲಗುವ ಕೋಣೆಗೆ ತರಬೇಡಿ.

ತುದಿ ಬೂದು ಬಣ್ಣಕ್ಕಿದ್ದು, ನಾರಿನ ಸುಳಿವೇ ಇಲ್ಲದೆ ಕೈಗೆ ಭಾರವಾಗಿದ್ದರೆ ಅದು ಎಸ್‌ಪಿಸಿ. ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ ಪ್ಲಾಸ್ಟಿಕ್. ನೀರಿಗೆ ಹೆದರುವುದಿಲ್ಲ, ಗೆದ್ದಲಿಗೂ ಹೆದರುವುದಿಲ್ಲ. ಅದರಲ್ಲಿ ಮರ ಒಂದು ಚೂರೂ ಇಲ್ಲ, ಮರದ ಚಿತ್ರ ಮಾತ್ರ. ಕೊಳ್ಳುವವರು ತಿಳಿದೇ ಕೊಂಡರೆ ತಪ್ಪೇನಿಲ್ಲ.

ತಪ್ಪು ಕಲ್ಪನೆ: ತೇಗಕ್ಕೆ ಗೆದ್ದಲು ಹತ್ತುವುದಿಲ್ಲ

ಚೇಗಿಗೆ ಹತ್ತುವುದು ಅಪರೂಪ. ಮರದ ನಡುವಿನ ಗಾಢ ಬಣ್ಣದ ಚೇಗಿನಲ್ಲಿ ಗೆದ್ದಲಿಗೆ ಆಗದ ಎಣ್ಣೆ, ರಾಸಾಯನಿಕಗಳು ತುಂಬಿರುತ್ತವೆ. ಸುತ್ತಲಿನ ಬಿಳಿ ಮರದಲ್ಲಿ ಅವು ಇಲ್ಲ. ಅಲ್ಲಿ ಇರುವುದು ಪಿಷ್ಟ, ಅಂದರೆ ಹುಳುವಿಗೆ ಊಟ. ಗೆದ್ದಲೂ ಬರುತ್ತದೆ, ಮರವನ್ನು ಹಿಟ್ಟು ಮಾಡುವ ಕುಟ್ಟೆಯೂ ಬರುತ್ತದೆ. ಬೇಗ ಬೆಳೆಸಿ ಬೇಗ ಕಡಿದ ಎಳೆಯ ತೋಟದ ತೇಗದಲ್ಲಿ ಈ ಬಿಳಿಯ ಪಾಲು ಹೆಚ್ಚು. ಬಣ್ಣ ಬಳಿದ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಅದಕ್ಕೇ ಹಲಗೆ ನೋಡುವುದಾದರೆ ಪಾಲಿಶ್ ಆಗುವ ಮೊದಲೇ ನೋಡಬೇಕು.

ಅದಕ್ಕಿಂತ ಹೆಚ್ಚು ಮೋಸ ಹೋಗುವ ಜಾಗ ಹಲಗೆಯ ಕೆಳಗಿದೆ. ಮೇಲೆ ಅಪ್ಪಟ ತೇಗ ಹಾಸಿ, ಕೆಳಗೆ ರೀಪಿಗೆ ಸಿಕ್ಕಿದ ಅಗ್ಗದ ಮರ ಹಾಕುತ್ತಾರೆ, ಯಾರಿಗೂ ಕಾಣುವುದಿಲ್ಲ ಎಂದು. ಮಣ್ಣಿನಿಂದ ದಾರಿ ಕಟ್ಟಿಕೊಂಡು ಬರುವ ಒರಲೆ ಮೊದಲು ಹಿಡಿಯುವುದು ಆ ರೀಪನ್ನೇ. ಬೆಂಗಳೂರಿನಲ್ಲಿ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಗೆ ಹೋದರೆ ತೇಗದ ಕಂಬಗಳ ಬುಡ ನೋಡಿ. ಅವು ಕಲ್ಲಿನ ಪೀಠದ ಮೇಲೆ ನಿಂತಿವೆ, ಮರ ಮಣ್ಣಿಗೆ ತಾಗಿಲ್ಲ. ನಮ್ಮೂರ ಮನೆಗಳಲ್ಲೂ ಹಾಗೇ. ತೊಲೆಗೆ ಗೇರೆಣ್ಣೆ ಬಳಿಯುವುದೂ ನಮ್ಮಲ್ಲಿ ಹಳೆಯ ರೂಢಿ. ಈಗಿನ ಮನೆಯಾದರೆ ಕಟ್ಟುವ ಹಂತದಲ್ಲೇ ಅಡಿಪಾಯಕ್ಕೆ ಗೆದ್ದಲು ಔಷಧಿ ಹಾಕಿಸಿ, ರೀಪಿಗೂ ಔಷಧಿ ಹಿಡಿಸಿದ ಮರವನ್ನೇ ಕೇಳಿ ಪಡೆಯಿರಿ.

ತಪ್ಪು ಕಲ್ಪನೆ: ಮರದ ನೆಲ ಬಿಸಿ, ನಮ್ಮ ಸೆಕೆಗೆ ಸಲ್ಲದು

ಒಂದೇ ಕೋಣೆಯ ಗ್ರಾನೈಟ್, ಮರ ಎರಡರ ಉಷ್ಣತೆಯೂ ಒಂದೇ. ಗ್ರಾನೈಟ್ ಕಾಲಿನ ಬಿಸಿಯನ್ನು ಮರಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಎಳೆದುಕೊಳ್ಳುತ್ತದೆ, ಅದು ತಣ್ಣಗೆ ಅನ್ನಿಸುತ್ತದೆ. ಮರ ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ, ಅಷ್ಟೆ. ಮೊಣಕಾಲು ನೋವಿನ ನಮ್ಮ ಅಮ್ಮನಿಗೆ ಡಿಸೆಂಬರ್ ಬೆಳಗಿನಲ್ಲಿ ಇದರಿಂದ ಆದ ಸುಖ ನನಗೆ ಗೊತ್ತು. ಆದರೆ ಕರಾವಳಿಯ ಮೇ ತಿಂಗಳಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಮೈಯಲ್ಲಿ ಮಲಗುವ ಸುಖವನ್ನು ಮರ ಕೊಡಲಾರದು ಎನ್ನುವುದೂ ನಿಜ. ಇಡೀ ಮನೆಗೆ ಒಂದೇ ನೆಲ ಬೇಕೆಂಬ ಹಟ ನನಗೆ ಅರ್ಥವಾಗುವುದಿಲ್ಲ. ಅಡುಗೆಮನೆ, ಬಚ್ಚಲು, ದೇವರ ಮನೆಗೆ ನಾನು ಮರ ಹಾಕಿಸಲಿಲ್ಲ. ನೀರು, ಎಣ್ಣೆ, ಅರಿಸಿನ ಮೂರೂ ಅಲ್ಲಿ ದಿನವೂ ಚೆಲ್ಲುತ್ತವೆ.

ತಪ್ಪು ಕಲ್ಪನೆ: ಮರದ ನೆಲ ಎಂದರೆ ಕಾಡು ಕಡಿದಂತೆ

ಈ ಅಳುಕು ಇರುವವರ ಬಗ್ಗೆ ನನಗೆ ಗೌರವ ಇದೆ. ಆದರೆ ಉತ್ತರ ಯಾವ ಮರ, ಎಲ್ಲಿಂದ ಬಂತು ಎನ್ನುವುದರ ಮೇಲಿದೆ. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ನೆಲವಾಗಿ ಇರುವಷ್ಟು ಕಾಲ ಆ ಇಂಗಾಲ ಗಾಳಿಗೆ ಮರಳುವುದಿಲ್ಲ. ತೇಗವನ್ನು ನೆಟ್ಟು ಬೆಳೆಸುವುದೂ ಹೊಸತಲ್ಲ, ಕೇರಳದ ನಿಲಂಬೂರಿನಲ್ಲಿ 1840ರ ದಶಕದಲ್ಲೇ ತೇಗದ ನೆಡುತೋಪು ಎದ್ದಿತ್ತು.

ಬೀಟೆಯ ಮಾತು ಬೇರೆ. 2017ರಿಂದ ಅದರ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಹೊಸದಾಗಿ ಕಡಿದ ಬೀಟೆಯ ನೆಲ ಬೇಕು ಎನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ‘ಬರ್ಮಾ ತೇಗ’ ಎಂಬ ಹೆಸರಿಗೂ ಮರುಳಾಗಬೇಡಿ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿದೆ. ಅರಣ್ಯ ಇಲಾಖೆಯ ನಾಟಾ ಡಿಪೋದ ಹರಾಜಿನಲ್ಲಿ ಬಂದ ಮರಕ್ಕೆ ಕಾಗದ ಇರುತ್ತದೆ. ಅಂಗಡಿಯವರನ್ನು ಬಿಲ್ಲು, ರಹದಾರಿ ಪತ್ರ ಎರಡನ್ನೂ ಕೇಳಿ. ಸ್ವಂತ ತೋಟದ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯನ್ನು ಕೇಳಿ. ನಮ್ಮಲ್ಲಿ ಅದಕ್ಕೆ 1976ರ ವೃಕ್ಷ ಸಂರಕ್ಷಣೆ ಕಾನೂನು ಇದೆ.

ತಪ್ಪು ಕಲ್ಪನೆ: ಪಾಲಿಶ್ ಹೊಳೆದಷ್ಟೂ ನೆಲಕ್ಕೆ ಕ್ಷೇಮ

ಪಿಯು ಪಾಲಿಶ್ ಮರದ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ನೀರು ತಡೆಯುತ್ತದೆ, ನಿಜ. ಆದರೆ ಹೊಳಪು ಹೆಚ್ಚಿದಷ್ಟೂ ಒಂದೊಂದು ಗೀರೂ ಕಣ್ಣಿಗೆ ಹೊಡೆಯುತ್ತದೆ, ಮತ್ತು ಒಂದೆಡೆ ಕೆಟ್ಟರೆ ಆ ಜಾಗಕ್ಕೆ ಮಾತ್ರ ತೇಪೆ ಹಾಕಲು ಬರುವುದಿಲ್ಲ. ಎಣ್ಣೆ ಪಾಲಿಶ್ ಮರದೊಳಗೆ ಇಳಿಯುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಹಚ್ಚಬೇಕು, ಆದರೆ ಬಾಗಿಲ ಬಳಿಯ ಸವೆದ ಎರಡು ಹಲಗೆಗೆ ಮಾತ್ರ ಹಚ್ಚಿದರೂ ಹೊಂದಿಕೊಳ್ಳುತ್ತದೆ. ನನಗೆ ಇಷ್ಟ ಎಣ್ಣೆಯೇ. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲದು. ಹೊರಗೆ ತಂತಿಯ ಮೇಲೆ ಹರಡಿ ಒಣಗಿಸಿ, ಆಮೇಲೆ ಬಿಸಾಡಿ.

ನೆಲ ಒರೆಸುವವರಿಗೆ ಬಕೆಟ್ ನೀರು ಸುರಿಯದಂತೆ ಹೇಳಬೇಕು. ಬಟ್ಟೆಯನ್ನು ನೀರು ತೊಟ್ಟಿಕ್ಕದಷ್ಟು ಹಿಂಡಿದರೆ ಸಾಕು.

ತಪ್ಪು ಕಲ್ಪನೆ: ಹಳೇ ಮನೆಯ ಮರ ಹಳತಾಯಿತು, ಅದರ ಕಾಲ ಮುಗಿಯಿತು

ಹಳೇ ಮನೆ ಕೆಡವಿದಲ್ಲಿ ಸಿಗುವ ಹಲಗೆ ದಶಕಗಟ್ಟಲೆ ಒಣಗಿರುತ್ತದೆ. ಸೀಳುವುದು, ಸೊಟ್ಟಗಾಗುವುದು ಏನಿದ್ದರೂ ಅದು ಹೆಚ್ಚಿನ ಮಟ್ಟಿಗೆ ಆ ಮನೆಯಲ್ಲೇ ಮುಗಿಸಿ ಬಂದಿದೆ. ಗಾಳಿಯ ತೇವಕ್ಕೆ ಹಿಗ್ಗುವುದು, ಕುಗ್ಗುವುದು ಮಾತ್ರ ಅದಕ್ಕೂ ತಪ್ಪಿದ್ದಲ್ಲ. ಬಿಳಿ ಭಾಗ ಇದ್ದಿದ್ದರೆ ಕುಟ್ಟೆ ಎಂದೋ ತಿಂದಿರುತ್ತಿತ್ತು, ಉಳಿದದ್ದು ಚೇಗು. ಲೆಕ್ಕ ಹಾಕುವಾಗ ಮಾತ್ರ ಎಚ್ಚರ. ಹಲಗೆ ಸಿಗುವುದು ಘನ ಅಡಿಯಲ್ಲಿ, ನೆಲ ಇರುವುದು ಚದರಡಿಯಲ್ಲಿ. ಒಂದು ಘನ ಅಡಿ ಮರದಿಂದ ಒಂದಂಗುಲ ದಪ್ಪದ ಹಲಗೆ ಹನ್ನೆರಡು ಚದರಡಿ ಬರುತ್ತದೆ. 150 ಚದರಡಿಯ ಕೋಣೆಗೆ ಹನ್ನೆರಡೂವರೆ ಘನ ಅಡಿ ಸಾಕು ಎಂದು ಕಾಗದ ಹೇಳುತ್ತದೆ. ಹೊಸ ಮರದಲ್ಲೇ ಕಾಲು ಭಾಗ ಗರಗಸಕ್ಕೂ ಹತ್ತರಿಗೂ ಹೋಗುತ್ತದೆ. ಹಳೆಯದರಲ್ಲಿ ಮೊಳೆ ಇದ್ದ ಜಾಗ, ಸೀಳಿದ ತುದಿ ಕಳೆದು ಇನ್ನೂ ಹೆಚ್ಚು.

ಅಜ್ಜನ ಮನೆ ಕೆಡವಿದಾಗ ಉಪ್ಪರಿಗೆಯ ಹೆಬ್ಬಲಸಿನ ಹಲಗೆಗಳನ್ನು ಲಾರಿಯಲ್ಲಿ ಬೆಂಗಳೂರಿಗೆ ತರಿಸಿದೆ. ನನ್ನ ಓದುವ ಕೋಣೆಯ ನೆಲ ಅವೇ. ಅಕ್ಕನ ಮನೆಗೆ ಹಾಕಿದ ಆಚಾರ್ರೇ ಬಂದರು. ಒಂದೊಂದು ಹಲಗೆಗೂ ಅಯಸ್ಕಾಂತ ಆಡಿಸಿ, ಒಳಗೆ ಮುರಿದು ಉಳಿದ ಮೊಳೆಗಳನ್ನು ಹುಡುಕಿ ಕಿತ್ತರು. ಒಂದು ಮೊಳೆ ತಪ್ಪಿದರೂ ಹತ್ತರಿಯ ಅಲಗು ಹೋಯಿತು ಎಂದರು. ಮೇಲಿನ ಹೊಗೆಗಪ್ಪು ಎರಡು ಮಿ.ಮೀ. ಕೀಸುವವರೆಗೂ ಬಿಡಲಿಲ್ಲ. ಮೂರನೆಯ ಸಲ ಹತ್ತರಿ ಹಾಯಿಸಿದಾಗ ಕೆಳಗಿನಿಂದ ಜೇನಿನ ಬಣ್ಣ ಮೇಲಕ್ಕೆ ಬಂತು. ಮೊಳೆ ತೂತುಗಳಿಗೆ ಅದೇ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಲು ಹೊರಟಾಗ ಬೇಡ ಎಂದೆ. ಗೋಡೆಯ ಪಕ್ಕ ಎಷ್ಟು ಜಾಗ ಬಿಡಲಿ ಎಂದು ಕೇಳಿದರು. ‘ನಿಮಗೆ ಎಷ್ಟು ಸರಿ ಅನ್ನಿಸುತ್ತೋ ಅಷ್ಟು ಬಿಡಿ’ ಎಂದೆ. ಹತ್ತು ಮಿ.ಮೀ. ಬಿಟ್ಟರು.